ಕಡಲು ದಾಟಿದ ವಕೀಲಿಕೆ

ವಕೀಲರು ಕಡಲು ದಾಟುವುದು ವ್ಯಾಪಾರಿಯ ಬೆನ್ನು ಹಿಡಿದು. 1893ರಲ್ಲಿ ಗಾಂಧಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದೂ ಹಾಗೆಯೇ. ಪೋರಬಂದರ್ ಮೂಲದ ಮೇಮನ್ ವ್ಯಾಪಾರಿ ದಾದಾ ಅಬ್ದುಲ್ಲಾ ಸೇಠರು ತಯ್ಯಬ್ ಸೇಠರ ಮೇಲೆ ಪ್ರಿಟೋರಿಯಾದಲ್ಲಿ 40 ಸಾವಿರ ಪೌಂಡುಗಳ ದಾವೆ ಹೂಡಿದ್ದರು. ನುರಿತ ಯುರೋಪಿಯನ್ ವಕೀಲರು ಆಗಲೇ ಅವರ ಕಡೆಗಿದ್ದರು. ಹಾಗಿದ್ದೂ 105 ಪೌಂಡ್ ಸಂಬಳ, ಮೊದಲ ದರ್ಜೆಯ ಪ್ರಯಾಣವೆಚ್ಚ ಕೊಟ್ಟು, ಮುಂಬಯಿಯಲ್ಲಿ ಕಕ್ಷಿದಾರರೇ ಸಿಗದಿದ್ದ ಈ ಯುವಕನನ್ನು ಕರೆಸಿಕೊಂಡರು. ಆ ವ್ಯಾಜ್ಯದ ಪತ್ರವ್ಯವಹಾರ ಬಹುಪಾಲು ಗುಜರಾತಿಯಲ್ಲಿತ್ತು. ಅದು ಯುರೋಪಿಯನ್ನರ ಕೈಗೆ ದಕ್ಕುವಂಥದ್ದಲ್ಲ. ಇನ್ನು ಲೆಕ್ಕದ ವಿಷಯ. ಜಮಾಖರ್ಚಿನ ಗಂಧವೇ ಇಲ್ಲದ ಗಾಂಧಿ ಪುಸ್ತಕ ಕೊಂಡು ಓದಿ ಕಲಿತರು. ವ್ಯಾಜ್ಯ ಪಂಚಾಯಿತಿಯಲ್ಲಿ ಮುಗಿಯಿತು. ಸೋತ ತಯ್ಯಬ್ ಸೇಠರು ದಿವಾಳಿಯಾಗದಂತೆ ಕಂತಿನಲ್ಲಿ ಹಣ ಪಡೆಯಲು ದಾದಾ ಅಬ್ದುಲ್ಲಾರನ್ನು ಅವರೇ ಒಪ್ಪಿಸಿದರು.

1894ರಲ್ಲಿ ನಟಾಲ್‌ನಲ್ಲಿ ವಕೀಲಿಕೆಯ ಸನ್ನದು ಕೇಳಿದಾಗ ಅಲ್ಲಿಯ ಲಾ ಸೊಸೈಟಿ ಅಡ್ಡ ಬಂತು. ಅಡ್ಡಿ ಮೈಬಣ್ಣದ್ದು. ನ್ಯಾಯಾಲಯ ಅದನ್ನು ತಳ್ಳಿಹಾಕಿತು, ಆದರೆ ಪೇಟ ತೆಗೆಸಿತು.

ಒಬ್ಬ ಬ್ಯಾರಿಸ್ಟರ್ ಮಾಡಿದ್ದನ್ನು ಮುಂದೆ ಲಾ ಫರ್ಮುಗಳು ದೊಡ್ಡ ಪ್ರಮಾಣದಲ್ಲಿ ಮಾಡಿದವು. 1949ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಬೇಕರ್ ಅಂಡ್ ಮೆಕೆಂಜಿ 1955ರಲ್ಲೇ ಕರಾಕಾಸ್‌ನಲ್ಲಿ ಕಚೇರಿ ತೆರೆಯಿತು. ಆಯಾ ದೇಶದ ವಕೀಲರನ್ನೇ ಪಾಲುದಾರರನ್ನಾಗಿ ಮಾಡಿಕೊಳ್ಳುವುದು ಅದರ ಜಾಣತನ. ದಾದಾ ಅಬ್ದುಲ್ಲಾರ ಲೆಕ್ಕಾಚಾರವೂ ಇದಕ್ಕಿಂತ ಬಹಳ ದೂರದ್ದಲ್ಲ.

ಉದಾರೀಕರಣದ ನಂತರ ಈ ಅಲೆ ನಮ್ಮ ದಡಕ್ಕೂ ಬಡಿಯಿತು. ವೈಟ್ ಅಂಡ್ ಕೇಸ್, ಚ್ಯಾಡ್‌ಬೋರ್ನ್ ಅಂಡ್ ಪಾರ್ಕ್, ಆ್ಯಶರ್ಸ್ಟ್ ಫರ್ಮುಗಳು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದು ಸಂಪರ್ಕ ಕಚೇರಿ ತೆರೆದವು. 1995ರಲ್ಲಿ ಲಾಯರ್ಸ್ ಕಲೆಕ್ಟಿವ್ ಮುಂಬಯಿ ಹೈಕೋರ್ಟಿಗೆ ಹೋಯಿತು. ಕೋರ್ಟಿನಲ್ಲಿ ವಾದಿಸದೆ ಬರಿಯ ಸಲಹೆ ಕೊಡುವುದು, ಕರಾರು ಬರೆಯುವುದು ವಕೀಲಿಕೆಯೇ ಎಂಬುದು ಪ್ರಶ್ನೆ. ಹೌದೆಂದು ತೀರ್ಪು ಬಂದಾಗ 2009ರ ಡಿಸೆಂಬರ್! 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ನೀಡಲು ಆಗೊಮ್ಮೆ ಈಗೊಮ್ಮೆ ಬಂದುಹೋಗಲು ಮಾತ್ರ ಅಡ್ಡಿಯಿಲ್ಲವೆಂದಿತು.

ನಟಾಲಿನ ತಕರಾರನ್ನೂ ಮುಂಬಯಿಯ ತಕರಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಲ್ಲಿ ಅರ್ಹನಾದವನನ್ನು ಚರ್ಮ ನೋಡಿ ತಡೆಯಲು ಹೊರಟಿದ್ದರು. ಇಲ್ಲಿ ಕೇಳಿದ್ದು 1961ರ ವಕೀಲರ ಕಾಯಿದೆ ಎಲ್ಲರಿಗೂ ಅನ್ವಯಿಸಲಿ ಎಂದು. ಆದರೂ ಸಣ್ಣ ವಕೀಲರ ಹೆಸರಿನಲ್ಲಿ ಸುರಿದ ಕಣ್ಣೀರು ನನಗೆ ಅಷ್ಟಾಗಿ ರುಚಿಸದು. ತಾಲ್ಲೂಕು ಕೋರ್ಟಿನ ಮರದಡಿ ಜಮೀನು ವ್ಯಾಜ್ಯಕ್ಕೆ ಕಾದು ನಿಂತ ಕಕ್ಷಿದಾರನನ್ನು ನ್ಯೂಯಾರ್ಕಿನವರು ಕಿತ್ತುಕೊಳ್ಳುತ್ತಿರಲಿಲ್ಲ. ಪೈಪೋಟಿಯ ಬಿಸಿ ತಾಗುವುದಿದ್ದರೆ ಮುಂಬಯಿ, ದೆಹಲಿಯ ದೊಡ್ಡ ಫರ್ಮುಗಳಿಗೆ.

2023ರಲ್ಲಿ ಬಾರ್ ಕೌನ್ಸಿಲ್ ನಿಯಮ ಮಾಡಿ, ನಮ್ಮ ವಕೀಲರಿಗೆ ಬಾಗಿಲು ತೆರೆದ ದೇಶಗಳ ಫರ್ಮುಗಳಿಗೆ ನೋಂದಣಿಯ ದಾರಿ ತೋರಿತು. 2025ರಲ್ಲಿ ಅದನ್ನು ತಿದ್ದಿತು. ವಿದೇಶಿ ಕಾನೂನಿನ ಸಲಹೆಯನ್ನು ಅವರು ಕೊಡಬಹುದು. ಭಾರತದ ಕಾನೂನು ಬೇಕಾದಾಗ ಇಲ್ಲಿಯ ವಕೀಲರನ್ನೇ ಹುಡುಕಿಕೊಂಡು ಬರಬೇಕು.