ಶಿರಹಟ್ಟಿ ಸೀಮೆ ಮತ್ತು ಸ್ತನರೋಗ ಚಿಕಿತ್ಸೆಯ ಕೇಂದ್ರಗಳು: ಒಂದು ಸಮೀಕ್ಷೆ

ಸ್ತನದಲ್ಲಿ ಕಂಡ ಗಂಟಿನ ಚಿಕಿತ್ಸೆಯನ್ನು ಶಸ್ತ್ರವೈದ್ಯರು, ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಹೆಸರಿಸುವವರು, ಕಿರಣಚಿಕಿತ್ಸಕರು, ಔಷಧಕ್ರಮವನ್ನು ನಿರ್ಣಯಿಸುವವರು ಕೂಡಿ ವಿಚಾರಿಸತಕ್ಕದ್ದೆಂಬುದು ಇಂದು ಸರ್ವಸಮ್ಮತವಾದ ತತ್ತ್ವ. ಈ ಕೂಟದ ಚರಿತ್ರೆಯನ್ನು ವೈದ್ಯಗ್ರಂಥಗಳಿಂದ ಬರೆಯುವುದು ವಾಡಿಕೆ. ಶಿರಹಟ್ಟಿಯಂಥ ತಾಲೂಕಿನಿಂದ ನೋಡಿದರೆ ಅದು ಬಹುಮಟ್ಟಿಗೆ ದಾರಿಗಳ ಮತ್ತು ಸರಹದ್ದುಗಳ ಚರಿತ್ರೆಯೆಂದು ನಮಗೆ ತೋರುತ್ತದೆ.

1948ರ ವಿಲೀನದವರೆಗೆ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ನೆರೆಯ ಲಕ್ಷ್ಮೇಶ್ವರ ಮಿರಜಿಗೆ. ಗದಗು ಬ್ರಿಟಿಷರ ಧಾರವಾಡ ಜಿಲ್ಲೆಗೆ. ಕಚೇರಿಯ ಮುಖ ಕೃಷ್ಣಾತೀರದ ಕಡೆಗಾದರೆ ಸಂತೆಯ ಮುಖ ಗದಗಿನ ಕಡೆಗೆ. ಗದಗಿಗೆ ಹೊಂದಿದ ಬೆಟಗೇರಿಯಲ್ಲಿ 1841ರಿಂದ ನೆಲೆಸಿದ್ದ ಬಾಸೆಲ್ ಮಿಶನ್ನು ಮುಂದೆ ಆಸ್ಪತ್ರೆಯನ್ನೂ ನಡೆಸಿತು. ಆದರೆ ಶಸ್ತ್ರಚಿಕಿತ್ಸೆಗೆ ಹೆಸರಾದುದು ಮಿರಜವೇ. ಅಲ್ಲಿ ಅಮೆರಿಕದ ಪ್ರೆಸ್ಬಿಟೀರಿಯನ್ ಮಿಶನ್ನಿನ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆಯನ್ನು ತೆರೆದರು. ಅದೇ ವರ್ಷ ಬಾಲ್ಟಿಮೋರಿನ ಹಾಲ್‌ಸ್ಟೆಡ್ ಅವರು ಸ್ತನವನ್ನೂ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ತಮ್ಮ ವಿಧಾನದ ಫಲಗಳನ್ನು ಪ್ರಕಟಿಸಿದರು. ಕ್ರೂರವಾದ ವಿಧಾನವೇ ಸರಿ. ಆದರೂ ಅದಕ್ಕೆ ಒಬ್ಬ ನುರಿತ ಶಸ್ತ್ರವೈದ್ಯರಿರುವ ಒಂದು ಊರು ಸಾಕಾಗಿದ್ದಿತು.

ಮುಂದೆ ಒಂದೇ ಊರು ಸಾಲದಾಯಿತು. ಮುಂಬಯಿಯಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯೂ, ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವೂ, ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯೂ ಪ್ರಾರಂಭವಾದವು. 1976ರಲ್ಲಿ ಮಿಲಾನಿನ ಬೊನಡೋನ ಅವರು ಶಸ್ತ್ರಚಿಕಿತ್ಸೆಯ ಅನಂತರ ಮೂರು ಔಷಧಗಳನ್ನು ಕೂಡಿಸಿ ಕೊಡುವುದರ ಪ್ರಯೋಜನವನ್ನು ತೋರಿಸಿದರು. 1985ರಲ್ಲಿ ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತವರ ಸಂಗಡಿಗರು, ಗಡ್ಡೆ ಚಿಕ್ಕದಿದ್ದಲ್ಲಿ ಅದನ್ನಷ್ಟೇ ತೆಗೆದು ಕಿರಣಚಿಕಿತ್ಸೆ ಕೊಟ್ಟರೆ, ಬದುಕುಳಿಯುವ ವಿಷಯದಲ್ಲಿ ಇಡೀ ಸ್ತನವನ್ನು ತೆಗೆದುದಕ್ಕಿಂತ ಕಡಮೆಯಾಗದೆಂದು ಸಿದ್ಧಪಡಿಸಿದರು.

ಇಲ್ಲಿಯೇ ನಮ್ಮ ಸೀಮೆಗೆ ಸಂಬಂಧಿಸಿದ ತೊಡಕು. ಕತ್ತಿ ಕಡಮೆಯಾದಷ್ಟೂ ಯಂತ್ರದ ಅವಶ್ಯಕತೆ ಹೆಚ್ಚಿತು. ಕಿರಣಚಿಕಿತ್ಸೆಯೆಂದರೆ ಒಂದು ದಿನದ ಮಾತಲ್ಲ. ವಾರಕ್ಕೆ ಐದು ದಿನದಂತೆ ಐದಾರು ವಾರ ಹೋಗಬೇಕಾಗಿದ್ದಿತು. ಬೆಳ್ಳಟ್ಟಿಯ ಹೊಲದಲ್ಲಿ ಕೂಲಿ ಮಾಡುವ ಹೆಣ್ಣುಮಗಳು ಅಷ್ಟು ದಿನ ಹುಬ್ಬಳ್ಳಿಯಲ್ಲಿ ಯಾರ ಮನೆಯಲ್ಲಿ ಇರಬೇಕು? ಸ್ತನವನ್ನು ಉಳಿಸಿಕೊಳ್ಳುವ ಆಯ್ಕೆ ಶಾಸ್ತ್ರದಲ್ಲಿದ್ದರೂ ದಾರಿಯ ದೂರವು ಅದನ್ನು ಕಸಿದುಕೊಳ್ಳಬಲ್ಲುದು. ರೋಗದ ಹಂತದಷ್ಟೇ ಬಸ್ಸಿನ ವೇಳಾಪಟ್ಟಿಯೂ ಚಿಕಿತ್ಸೆಯನ್ನು ನಿರ್ಣಯಿಸುವ ಸ್ಥಿತಿಯಿದು. ಇತ್ತೀಚೆಗೆ ಅನೇಕರಿಗೆ ಮೂರು ವಾರ ಸಾಕೆಂದಾಗಿದೆ. ಕೆಲವರಿಗೆ ಒಂದೇ ವಾರ ಸಾಕೆಂದು 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಂಶೋಧನೆಯೊಂದು ತೋರಿಸಿತು. ನಗರದ ರೋಗಿಗೆ ಇದು ಅನುಕೂಲ. ನಮ್ಮ ತಾಲೂಕಿನವರಿಗೆ ಚಿಕಿತ್ಸೆಯನ್ನು ಪಡೆಯುವ ಇಲ್ಲವೇ ಬಿಡುವ ಪ್ರಶ್ನೆ.

ಸರಹದ್ದುಗಳೂ ಕ್ರಮೇಣ ದಾರಿಗೆ ಹೊಂದಿಕೊಂಡವು. 1997ರಲ್ಲಿ ಗದಗು ಜಿಲ್ಲೆಯಾಗಿ ಶಿರಹಟ್ಟಿ ಅದಕ್ಕೆ ಸೇರಿತು. 2015ರಲ್ಲಿ ಅಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಪ್ರಾರಂಭವಾಯಿತು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರಿಗೆಂದೇ ಮೀಸಲಾದ ಆಸ್ಪತ್ರೆಯಿದೆ. 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆರೋಗ್ಯ ಕರ್ನಾಟಕ ಯೋಜನೆಗಳು ಬಡವರ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಂಡವು. ಆದರೆ ಬೇರೆ ಬೇರೆ ಊರುಗಳಲ್ಲಿ ಕುಳಿತ ವೈದ್ಯರನ್ನು ಒಂದು ಕೂಟವೆಂದು ಕರೆಯಬೇಕಾದರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ವೇಳೆಗೆ ಸರಿಯಾಗಿ ತಲುಪಬೇಕು. ಆ ಕಾಗದಗಳನ್ನು ಕೈಚೀಲದಲ್ಲಿಟ್ಟು ಒಯ್ಯುವವಳು ರೋಗಿಯೇ ಆಗಿರುವಲ್ಲಿ, ಕೂಟವನ್ನು ಕೂಡಿಸುವ ಹೊಣೆಯೂ ಅವಳ ಮೇಲೆಯೇ ಬಿದ್ದಿರುತ್ತದೆ.