ಗಿಡದ ಪಾಠಕ್ಕೆ ಮಣ್ಣೂ ಬೇಕು

ನೆಲದಿಂದ ಕಿತ್ತ ಗಿಡವೊಂದನ್ನು ಮೇಜಿನ ಮೇಲಿಟ್ಟು, ಇದು ಬೇರು, ಇದು ಕಾಂಡ, ಇದು ಎಲೆ ಎಂದು ತೋರಿಸುವುದು ಸಸ್ಯಪಾಠದ ಹಳೆಯ ಕ್ರಮ. ಅದು ಬುಡದಲ್ಲೇ ತಪ್ಪು ಎಂದವರು ಆಸ್ಟ್ರಿಯದ ಚಿಂತಕ ರುಡಾಲ್ಫ್ ಸ್ಟೈನರ್ (1861-1925). ಕಿತ್ತ ಕೂದಲೆಳೆಯೊಂದನ್ನು ನೋಡಿ ಕೂದಲೆಂದರೇನೆಂದು ಅರಿಯಲಾಗದು, ಅದಕ್ಕೆ ತಲೆಯೂ ಬೇಕು. ಗಿಡಕ್ಕೆ ನೆಲವೂ ಹಾಗೆಯೇ ಎಂದು 1924ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ನೀಡಿದ ಉಪನ್ಯಾಸಗಳಲ್ಲಿ ಅವರು ವಿವರಿಸಿದರು.

ಈ ವಿಚಾರ ತರಗತಿಗೆ ಇಳಿದದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವಾಲ್ಡಾರ್ಫ್-ಆಸ್ಟೋರಿಯಾ ಸಿಗರೇಟು ಕಾರ್ಖಾನೆಯ ಎಮಿಲ್ ಮೋಲ್ಟ್ ಅವರು ಕಾರ್ಮಿಕರ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಪಾಠಕ್ರಮ ಸ್ಟೈನರ್ ಅವರದು. ಅಲ್ಲಿ ಹನ್ನೊಂದರ ಆಸುಪಾಸಿನ ಮಕ್ಕಳು ತಾವು ಬೆಳೆದ ಬಗೆಯನ್ನೇ ಸಸ್ಯಲೋಕದಲ್ಲಿ ಕಾಣಬೇಕಿತ್ತು. ಅಣಬೆ ಹಸುಗೂಸು, ಪಾಚಿ, ಜರೀಗಿಡ, ಪೈನ್ ಮರ ಮುಂದಿನ ಮೆಟ್ಟಿಲುಗಳು, ಹೂಬಿಡುವ ಗಿಡಗಳು ಶಾಲೆಗೆ ಹೋಗುವ ವಯಸ್ಸಿನವು.

ಈ ಕಲ್ಪನೆಯ ಹಿಂದೆ ಕವಿ ಗಯಟೆಯ ನೆರಳಿದೆ. ಅವನ ವಿಜ್ಞಾನ ಬರಹಗಳನ್ನು ಸ್ಟೈನರ್ ಯೌವನದಲ್ಲೇ ಸಂಪಾದಿಸಿದ್ದರು. ಹೂವಿನ ಎಸಳು, ಕೇಸರಗಳೆಲ್ಲ ರೂಪ ಬದಲಿಸಿದ ಎಲೆಗಳೇ ಎಂದು ಗಯಟೆ 1790ರಲ್ಲಿ ಬರೆದಿದ್ದ.

ಕಲ್ಪನೆಯಿಂದ ಕಲಿಸಿದ್ದು ಸತ್ಯವಾಗಿ ಉಳಿಯುತ್ತದೆಯೇ? ಗಯಟೆಯ ಮಾತು ಬಹುಮಟ್ಟಿಗೆ ಉಳಿಯಿತು. ಹೂವಿನ ಭಾಗಗಳನ್ನು ರೂಪಿಸುವ ವಂಶವಾಹಿಗಳು ಕೆಟ್ಟಾಗ ಎಸಳಿನ ಜಾಗದಲ್ಲಿ ಎಲೆಯಂಥ ಅಂಗಗಳೇ ಮೂಡುತ್ತವೆ ಎಂಬುದು 1990ರ ದಶಕದ ಆರಂಭಕ್ಕೆ ಖಚಿತವಾಯಿತು. ಆದರೆ ಸ್ಟೈನರ್ ಅವರ ಮೊದಲ ಮೆಟ್ಟಿಲು ಕುಸಿಯಿತು. ಅಣಬೆ ಸಸ್ಯವೇ ಅಲ್ಲ. 1969ರಲ್ಲಿ ರಾಬರ್ಟ್ ವಿಟೇಕರ್ ಶಿಲೀಂಧ್ರಗಳಿಗೆ ಬೇರೆಯೇ ಸಾಮ್ರಾಜ್ಯ ಕೊಟ್ಟರು. ಅವು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ನೆಂಟರೆಂಬುದು ಆಮೇಲೆ ತಿಳಿಯಿತು.

ಹಾಗೆಂದು ಪಾಠವೇ ವ್ಯರ್ಥವಲ್ಲ. ಬಹುಪಾಲು ನೆಲಗಿಡಗಳ ಬೇರಿಗೆ ಶಿಲೀಂಧ್ರದ ನವಿರಾದ ಎಳೆಗಳು ಹೆಣೆದುಕೊಂಡಿರುತ್ತವೆ. ಅವು ಮಣ್ಣಿನಿಂದ ರಂಜಕ ತಂದುಕೊಡುತ್ತವೆ, ಗಿಡ ಸಕ್ಕರೆ ಕೊಡುತ್ತದೆ. ಈ ನಂಟಿಗೆ ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ 1885ರಲ್ಲೇ ‘ಮೈಕೋರೈಜಾ’ ಎಂದು ಹೆಸರಿಟ್ಟಿದ್ದರು. ಗಿಡವನ್ನು ಕಿತ್ತು, ಬೇರು ತೊಳೆದು ಮೇಜಿಗೆ ತಂದಾಗ ಕಳೆದುಹೋಗುವುದು ಇದೇ. ಹೋಲಿಕೆ ಮಗುವನ್ನು ಗಿಡದ ಬಳಿಗೆ ಕರೆದೊಯ್ದರೆ ಸಾಕು. ಅಲ್ಲಿಂದಾಚೆಗೆ ಮಣ್ಣು ಕೆದಕಿ ನೋಡಬೇಕಾದದ್ದು ಕಣ್ಣೇ.