ತೊಳೆದಿಟ್ಟ ಹೃದಯ

ಗಾಜಿನ ಪಾತ್ರೆಯೊಳಗೆ ಒಂದು ನಳಿಕೆ. ಅದರ ತುದಿಗೆ ಇಲಿಯ ಹೃದಯ ತೂಗುಬಿದ್ದಿದೆ, ದ್ರಾಕ್ಷಿ ಹಣ್ಣಿನಷ್ಟು ಗಾತ್ರ. ಮಹಾಪಧಮನಿಯ ಬಾಯಿಗೆ ಮೇಲಿನಿಂದ ಸೋಪಿನ ನೀರು ಇಳಿಯುತ್ತಿದೆ. ಆ ನಾಳದ ಬುಡದ ಕವಾಟ ಹೊರಮುಖವಾಗಿ ಮಾತ್ರ ತೆರೆಯುವಂಥದು. ಎದುರಿನಿಂದ ಬಂದ ನೀರಿಗೆ ಅದು ಮುಚ್ಚಿಕೊಳ್ಳುತ್ತದೆ. ಮುಂದೆ ದಾರಿಯಿಲ್ಲದ ನೀರು ಪಕ್ಕದ ಕೊರೊನರಿ ನಾಳಗಳಿಗೆ ನುಗ್ಗಿ, ಹೃದಯದ ಗೋಡೆಯಲ್ಲಿರುವ ಅತಿ ಸಣ್ಣ ನಾಳಗಳವರೆಗೂ ಹರಿಯುತ್ತದೆ. ಗಂಟೆಗಳು ಉರುಳಿದಂತೆ ಕೆಂಪು ಗುಲಾಬಿಯಾಗುತ್ತದೆ, ಗುಲಾಬಿ ಬಿಳುಚಿಕೊಳ್ಳುತ್ತದೆ. ಕೊನೆಗೆ ಎಳನೀರಿನ ತೆಳು ಗಂಜಿಯಂತೆ, ಬೆಳಕು ಹಾಯುವ ಬಿಳಿ ಆಕಾರವೊಂದು ಉಳಿಯುತ್ತದೆ.

ಜೀವಕೋಶಗಳೆಲ್ಲ ತೊಳೆದುಹೋಗಿವೆ. ಕೊಲಾಜೆನ್‌ನಂಥ ಪ್ರೋಟೀನುಗಳ ಚೌಕಟ್ಟು ಮಾತ್ರ ಇದೆ, ಕೋಣೆಗಳು, ಕವಾಟಗಳು, ನಾಳಗಳ ಜಾಡು ಎಲ್ಲ ಇದ್ದ ಜಾಗದಲ್ಲೇ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಡೋರಿಸ್ ಟೇಲರ್, ಹೆರಾಲ್ಡ್ ಆಟ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಲೋಕಕ್ಕೆ ತೋರಿಸಿದರು. ತೊಳೆಯಲು ಬಳಸಿದ್ದು ಶಾಂಪೂ, ಟೂತ್‌ಪೇಸ್ಟುಗಳಲ್ಲಿ ನೊರೆ ಬರಿಸುವ ಅದೇ ರಾಸಾಯನಿಕ. ಖಾಲಿಯಾದ ಚೌಕಟ್ಟಿಗೆ ಆಗತಾನೇ ಹುಟ್ಟಿದ ಇಲಿಮರಿಗಳ ಹೃದಯಕೋಶಗಳನ್ನು ತುಂಬಿ, ಪೋಷಕ ದ್ರವ ಹರಿಸುತ್ತ ಕಾದರು. ನಾಲ್ಕನೆಯ ದಿನ ಅದು ಅಲುಗಿತು. ಎಂಟನೆಯ ದಿನ ದ್ರವವನ್ನು ತಳ್ಳತೊಡಗಿತು. ಬೆಳೆದ ಇಲಿಯ ಹೃದಯದ ಶಕ್ತಿಯಲ್ಲಿ ಶೇ. 2ರಷ್ಟು ಮಾತ್ರ, ಆದರೂ ಅದು ಮಿಡಿತವೇ.

ಈ ಮಿಡಿತದ ಹಿಂದೆ ಒಂದು ಶತಮಾನಕ್ಕೂ ಹೆಚ್ಚಿನ ದುಡಿಮೆಯಿದೆ. ಅದರ ಮೊದಲ ಎಳೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸಿಗುತ್ತದೆ.

1894ರ ಜೂನ್‌ನಲ್ಲಿ ಅಲ್ಲಿಗೆ ಬಂದಿದ್ದ ಅಧ್ಯಕ್ಷ ಸಾದಿ ಕಾರ್ನೋ ಅವರನ್ನು ಹಂತಕನೊಬ್ಬ ಇರಿದ. ಹೊಟ್ಟೆಯ ದೊಡ್ಡ ರಕ್ತನಾಳ ಕತ್ತರಿಸಿತ್ತು. ಅದನ್ನು ಹೊಲಿಯುವ ವಿದ್ಯೆ ವೈದ್ಯರ ಕೈಯಲ್ಲಿರಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಅದೇ ಊರಿನಲ್ಲಿ ವೈದ್ಯಕೀಯ ಕಲಿಯುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ಮನಸ್ಸಿಗೆ ಹತ್ತಿತು. ಲಿಯೋನ್ ರೇಷ್ಮೆಗೆ ಹೆಸರಾದ ಊರು. ಅವರು ಕಸೂತಿ ಕೆಲಸದ ಹೆಂಗಸೊಬ್ಬರ ಬಳಿ ಕೂತು, ಅತಿ ತೆಳು ಸೂಜಿ ಮತ್ತು ರೇಷ್ಮೆ ದಾರ ಹಿಡಿಯುವುದನ್ನು ಕಲಿತರು. ಆಮೇಲೆ ಹೊಳೆದ ಉಪಾಯ ಇದು: ತುಂಡಾದ ನಾಳದ ದುಂಡು ಬಾಯಿಗೆ ಮೂರು ಕಡೆ ಹೊಲಿಗೆ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ, ಒಂದೊಂದೇ ಅಂಚನ್ನು ನೇರವಾಗಿ ಹೊಲಿಯಬಹುದು. ರವಿಕೆಯ ತೋಳು ಹೊಲಿಯುವಾಗ ಕೆಳಗಿನ ಬಟ್ಟೆಯೂ ಸೂಜಿಗೆ ಸಿಕ್ಕಿಕೊಳ್ಳುವ ಫಜೀತಿ ಕಂಡವರಿಗೆ ಇದರ ಬೆಲೆ ಗೊತ್ತು. 1902ರಲ್ಲಿ ಪ್ರಕಟವಾದ ಈ ಹೊಲಿಗೆಯೇ ಮುಂದೆ ಅಂಗಾಂಗ ಕಸಿಗೆ ಅಡಿಪಾಯವಾಯಿತು. 1912ರಲ್ಲಿ ಕ್ಯಾರೆಲ್‌ಗೆ ನೊಬೆಲ್ ಬಂತು.

ಅಷ್ಟರಲ್ಲಿ ಅವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಸೇರಿದ್ದರು. 1912ರ ಜನವರಿ 17ರಂದು ಮೊಟ್ಟೆಯೊಳಗಿನ ಕೋಳಿಮರಿಯ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿಟ್ಟು, ಪೋಷಕ ರಸ ಉಣಿಸಿ ಬೆಳೆಸಲು ಶುರು ಮಾಡಿದರು. ಅದು ಸಾಯಲೇ ಇಲ್ಲ ಎಂಬುದು ಅವರ ವಾದ. ಪತ್ರಿಕೆಗಳು ಅದಕ್ಕೆ ವರ್ಷ ವರ್ಷವೂ ಹುಟ್ಟುಹಬ್ಬ ಆಚರಿಸಿದವು. 1944ರಲ್ಲಿ ಕ್ಯಾರೆಲ್ ತೀರಿಕೊಂಡ ಮೇಲೂ ಆ ಕೋಶಗಳ ಸಾಲು 1946ರವರೆಗೆ ನಡೆಯಿತು. ಬೇರೆ ಪ್ರಯೋಗಾಲಯಗಳಲ್ಲಿ ಕೋಶಗಳು ಸತ್ತರೆ, ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಂಡವರೇ ಹೆಚ್ಚು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಸಾಮಾನ್ಯ ಜೀವಕೋಶ ಸುಮಾರು 50 ಸಲ ವಿಭಜನೆಯಾಗಿ ನಿಂತುಬಿಡುತ್ತದೆ ಎಂದು ತೋರಿಸಿದಾಗ ಆ ನಂಬಿಕೆ ಕುಸಿಯಿತು. ಉಣಿಸುತ್ತಿದ್ದ ರಸದ ಜೊತೆಗೇ ಹೊಸ ಕೋಶಗಳೂ ಪಾತ್ರೆಗೆ ಸೇರುತ್ತಿದ್ದವೇನೋ ಎಂಬ ಅನುಮಾನ ಇಂದಿಗೂ ಇದೆ. ನೊಬೆಲ್ ಪಡೆದವರ ಮಾತೆಂದು ಅರ್ಧ ಶತಮಾನ ಪ್ರಶ್ನಿಸದೆ ಕೂತದ್ದು ವಿಜ್ಞಾನಕ್ಕೆ ದುಬಾರಿಯಾಯಿತು.

1930ರಲ್ಲಿ ಕ್ಯಾರೆಲ್‌ರನ್ನು ಹುಡುಕಿಕೊಂಡು ಬಂದವರು ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ಹಾರಿದ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್. ಅವರ ಹೆಂಡತಿಯ ಅಕ್ಕನಿಗೆ ಹೃದಯದ ಕವಾಟ ಕೆಟ್ಟಿತ್ತು. ಹೃದಯ ನಿಲ್ಲಿಸಿ ರಿಪೇರಿ ಮಾಡಲು ಏಕೆ ಆಗುವುದಿಲ್ಲ ಎಂಬ ಅವರ ಪ್ರಶ್ನೆಗೆ ವೈದ್ಯರಿಂದ ಒಪ್ಪುವಂಥ ಉತ್ತರ ಸಿಕ್ಕಿರಲಿಲ್ಲ. ಇಬ್ಬರೂ ಸೇರಿ ಪೈರೆಕ್ಸ್ ಗಾಜಿನ ಪಂಪೊಂದನ್ನು ರೂಪಿಸಿದರು. ರೋಗಾಣು ಸೋಕದಂತೆ ದ್ರವವನ್ನು ಒತ್ತಿ ಒತ್ತಿ ಹರಿಸಿ, ದೇಹದಿಂದ ತೆಗೆದ ಅಂಗವನ್ನು ಜೀವಂತ ಇಡುವ ಯಂತ್ರ ಅದು. 1935ರಲ್ಲಿ ಬೆಕ್ಕಿನ ಥೈರಾಯ್ಡ್ ಗ್ರಂಥಿ ಅದರಲ್ಲಿ 18 ದಿನ ಬದುಕಿತು. ಹೆಂಡತಿಯ ಅಕ್ಕ ಮಾತ್ರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಐಸ್ ಪೆಟ್ಟಿಗೆಯಲ್ಲಿಟ್ಟ ದಾನಿಯ ಹೃದಯಕ್ಕೆ ಇವತ್ತಿಗೂ ಸಿಗುವುದು ನಾಲ್ಕು ಗಂಟೆಯ ಆಸುಪಾಸು. ಬೆಂಗಳೂರಿನ ರಸ್ತೆಗಳಲ್ಲಿ ಝೀರೋ ಟ್ರಾಫಿಕ್ ಮಾಡಿ ಆಂಬುಲೆನ್ಸ್ ಓಡಿಸುವುದು ಅದಕ್ಕೇ.

ಕೋಳಿಮರಿಯ ಹೃದಯ ಚೂರಾಗಿಯೇ ಉಳಿದದ್ದೇಕೆ? ಹತ್ತಿರದ ರಕ್ತನಾಳದಿಂದ ಕೂದಲೆಳೆಯ ದಪ್ಪಕ್ಕಿಂತ ಹೆಚ್ಚು ದೂರ ಸರಿದರೆ ಕೋಶಕ್ಕೆ ಆಮ್ಲಜನಕ ಸಾಲದು. ತೆಳುವಾದದ್ದನ್ನು ಬೆಳೆಸಬಹುದು, ದಪ್ಪದ್ದು ನಡುವಿನಿಂದ ಸಾಯುತ್ತ ಬರುತ್ತದೆ. 1980ರ ದಶಕದಲ್ಲೇ ಸುಟ್ಟ ಗಾಯಗಳಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮ ಹೊದಿಸಿದ್ದರು. 2006ರಲ್ಲಿ ಆಂಥನಿ ಅಟಾಲ, ಏಳು ಎಳೆಯ ರೋಗಿಗಳಿಗೆ ಅವರವರ ಕೋಶಗಳಿಂದಲೇ ಬೆಳೆಸಿ ಜೋಡಿಸಿದ ಮೂತ್ರಕೋಶಗಳ ಫಲಿತಾಂಶ ಪ್ರಕಟಿಸಿದರು. ಎರಡೂ ತೆಳು ಗೋಡೆಯವು.

ಈ ಮಿತಿಯನ್ನು ಲೆಕ್ಕಿಸದೆ ನುಗ್ಗಿದ ಕಡೆ ಜೀವಗಳು ಹೋದವು. 2011ರಿಂದ ಸ್ವೀಡನ್‌ನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವ್ಲೊ ಮಕಿಯಾರಿನಿ, ರೋಗಿಯ ಆಕರಕೋಶಗಳನ್ನು ಲೇಪಿಸಿದ ಪ್ಲಾಸ್ಟಿಕ್ ಶ್ವಾಸನಾಳಗಳನ್ನು ಮೂವರಿಗೆ ಜೋಡಿಸಿದರು. ಪ್ರಾಣಿಗಳ ಮೇಲೆ ಸರಿಯಾದ ಪರೀಕ್ಷೆಯೇ ಆಗಿರಲಿಲ್ಲ. ಪ್ಲಾಸ್ಟಿಕ್ ಕೊಳವೆ ಜೀವಂತ ಅಂಗವಾಗಲಿಲ್ಲ, ಮೂವರೂ ಸತ್ತರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಮಕಿಯಾರಿನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಆಸ್ಪತ್ರೆಗೆ ಬಂದಾಗ ಆ ಮೂವರ ಕಣ್ಣಲ್ಲಿದ್ದ ಆಸೆಗೆ ಈ ಶಿಕ್ಷೆ ಯಾವ ಲೆಕ್ಕ?

ತೊಳೆಯುವ ಉಪಾಯದ ಹಿರಿಮೆ ಇಲ್ಲಿ ಕಾಣುತ್ತದೆ. ಮನುಷ್ಯರ ಕೈಗೆ ಹೆಣೆಯಲಾಗದ ನಾಳಗಳ ಜಾಲವನ್ನು ಅದು ಪ್ರಕೃತಿಯಿಂದ ಸಿದ್ಧವಾಗಿಯೇ ಪಡೆಯುತ್ತದೆ. ಟೇಲರ್ ಹಂದಿಯ ಹೃದಯಗಳತ್ತ ಹೊರಳಿದರು. ಬಾಸ್ಟನ್‌ನಲ್ಲಿ ಆಟ್ ಅವರ ತಂಡ ಕಸಿಗೆ ಬಾರದ 73 ಮಾನವ ಹೃದಯಗಳನ್ನು ತೊಳೆದು, ಎಡ ಹೃತ್ಕುಕ್ಷಿಯ ಗೋಡೆಯ ಒಂದು ಭಾಗದಲ್ಲಿ ಸುಮಾರು 50 ಕೋಟಿ ಹೊಸ ಹೃದಯಕೋಶಗಳನ್ನು ನೆಟ್ಟಿತು. ಹದಿನಾಲ್ಕು ದಿನದ ಬಳಿಕ ಆ ಭಾಗ ವಿದ್ಯುತ್ ಪ್ರಚೋದನೆಗೆ ಸಂಕುಚಿಸಿದ್ದನ್ನು 2016ರಲ್ಲಿ ವರದಿ ಮಾಡಿತು.

ಉಳಿದಿರುವ ತೊಡಕೂ ನಾಳದ್ದೇ. ತೊಳೆದ ನಾಳದ ಒಳಮೈ ಬರಿದಾಗಿರುತ್ತದೆ. ಅದರಲ್ಲಿ ರಕ್ತ ಹರಿಸಿದರೆ ಕೊಲಾಜೆನ್ ಸೋಕಿ ಹೆಪ್ಪುಗಟ್ಟುತ್ತದೆ. ಹಾಗಾಗಿ ನಾಳಗಳ ಒಳಗೋಡೆಗೆ ಕೋಶಗಳ ಅಸ್ತರು ಕೊಡುವ ಕೆಲಸ ನಡೆಯುತ್ತಿದೆ. ಅದು ಕವಲು ಕವಲಿಗೂ, ಕೊನೆಯ ಎಳೆಯವರೆಗೂ ಎಲ್ಲೂ ಬಿಟ್ಟುಹೋಗದಂತೆ ಹತ್ತಬೇಕು.